ಸೂಗಮ್ಮನ ಕಿವಿಯಲ್ಲಿ ಟಿ.ವಿ. ಮಾತು

ಓಣಿಗೆಲ್ಲ ಒಂದೇ ಟಿ.ವಿ. ಇದ್ದ ಕಾಲ; ಅದು ಮೌನಪ್ಪ ಮಾಸ್ತರನ ಮನೆಯಲ್ಲಿತ್ತು. ಚಂದ್ರಬಂಡದಲ್ಲಿ ಅವನ ಜೊತೆ ರಾಯಚೂರು ಬಸ್ಸು ಹತ್ತಿದ ತಾಯಿ ಸೂಗಮ್ಮನಿಗೆ ಕಿವಿ ಮಂದ. ಹಾಗಾಗಿ ಅವರಿಬ್ಬರ ಮಾತು ಬಸ್ಸಿಗೆಲ್ಲ ಕೇಳುತ್ತಿತ್ತು. ಹಿಂದಿನ ಸೀಟಿನಲ್ಲಿ ನಿದ್ದೆ ಕೆಟ್ಟ ವಿರೂಪಣ್ಣ ಬೈಯಲು ಬಾಯಿ ತೆರೆದವನು, ಮಾತಿನ ರುಚಿ ಹತ್ತಿ ಕಿವಿಗೊಟ್ಟು ಕೂತ.

“ಯವ್ವಾ, ನಿನ್ನ ಇಯರ್‌ಫೋನ್ ಸಿಗಿಸಿದ್ರ ಟಿ.ವಿ. ಬಾಯಿ ಬಂದ್ ಆಗ್ತದ. ರೇಡಿಯೊ ಅಂಗಡಿಯವಗ ಹೇಳಿ ಬ್ಯಾರೆ ವಾಯರ್ ಹಾಕಿಸ್ತೀನಿ. ನಿನಗೂ ಕೇಳ್ಲಿ, ಮಂದಿಗೂ ಕೇಳ್ಲಿ.”

“ಮಂದಿಗ್ಯಾಕ? ಐತ್ವಾರ ಸಿನಿಮಾದಾಗ ಯಾರು ಏನಂದ್ರು ಅಂತ ನಾ ಹೇಳ್ಲಿಲ್ಲೇನು?”

“ಹೇಳಿದಿ. ನಡುವ ಎಲಿ ಅಡಿಕಿ ಹಾಕ್ಕೊಂತ ಕುಂತಿ. ಆ ಹುಡುಗಿ ಯಾಕ ಅಳಾಕತ್ತಾಳಂತ ತಿಳೀದ ನಲವತ್ತು ಮಂದಿ ಒದ್ದಾಡಿದ್ರು.”

“ಒದ್ದಾಡ್ಲಿ. ಆರು ವರ್ಷ ನನ್ನ ಕೂಡ ಯಾರು ಮಾತಾಡಿದ್ರಲೇ? ಒದರಬೇಕಾಗ್ತದಂತ ಬಾಜು ಮನಿ ಕನಕಮ್ಮ ಸೈತ ಬರ್ತಿದ್ದಿಲ್ಲ. ಐತ್ವಾರ ನನ್ನ ಮಗ್ಗಲಾಗೇ ಕುಂತು, ತಿವಿದು ತಿವಿದು ಕೇಳಿದ್ಳು.”

ರಾಯಚೂರು ಬಂತು. ಬಸ್ಸು ನಿಂತಿತು.

“ಹಂಗಾದ್ರ ವಾಯರ್ ಬ್ಯಾಡೇನು, ಯವ್ವಾ?”

“ಹಾಕ್ಸು. ನನಗೇನು ಹೆದರಿಕಿ? ಸಿನಿಮಾ ಬರೂದು ಹಿಂದಿಯಾಗ. ನಿಜಾಮನ ಕಾಲದಾಗ ಸಾಹೇಬರ ಮನಿಯಾಗ ಹತ್ತು ವರ್ಷ ಭಾಂಡಿ ತಿಕ್ಕಿ ಆ ಮಾತು ಕಲ್ತೀನಿ. ನಿನಗ ಬರ್ತದೇನು, ಮಾಸ್ತರ?”

“ಅರ್ಧಾಮರ್ಧ.”

“ಮತ್ತ? ಟಿ.ವಿ. ಎಷ್ಟಾರ ಒದರ್ಲಿ. ಕನಕಮ್ಮ ನನ್ನನ್ನೇ ಕೇಳಬೇಕು.”

ಸೂಗಮ್ಮ ಮಗನ ಕೈ ಹಿಡಿಯದೆ ಇಳಿದು, ರೇಡಿಯೊ ಅಂಗಡಿಯ ಕಡೆ ತಾನೇ ಮುಂದಾಗಿ ನಡೆದಳು.