ಎಪ್ಪತ್ತೆರಡು ಮೆಟ್ಟಿಲ ಮೇಲಿನ ಸೀಟು

ಹಲೋ… ಯಾರು ಮಾತಾಡ್ತಿರೋದು? ಮನುಷ್ಯರೇ ತಾನೇ? ಅಬ್ಬಾ! ಇಪ್ಪತ್ತು ನಿಮಿಷದಿಂದ ಒಂದನ್ನು ಒತ್ತಿ, ಎರಡನ್ನು ಒತ್ತಿ ಅಂತ ಯಾವುದೋ ಹೆಂಗಸಿನ ದನಿ ನನ್ನ ಪ್ರಾಣ ತಿಂತಿತ್ತು. ಫುಟ್‌ಬಾಲ್ ಕ್ಲಬ್ಬಿನ ಟಿಕೆಟ್ ಆಫೀಸೇ ಅಲ್ವಾ?

…

ಹಾಂ, ಸೀಸನ್ ಟಿಕೆಟ್ ವಿಷಯ. ನಮ್ಮ ಮಾವನವರದ್ದು, ನಾನು ಅವರ ಸೊಸೆ. ನಿಮ್ಮ ಕಾಗದ ಬಂದಿದೆ. ಐದು ಪಂದ್ಯಕ್ಕೆ ಸೀಟು ಖಾಲಿ ಇತ್ತು, ಬೇರೆಯವರಿಗೆ ಮಾರೋಕೂ ಬಿಟ್ಟುಕೊಟ್ಟಿಲ್ಲ, ಇನ್ನೊಂದು ಸಲ ಹೀಗಾದ್ರೆ ಮುಂದಿನ ವರ್ಷ ಸೀಟೇ ಇಲ್ಲ ಅಂತ.

…

ಇಲ್ಲ, ಅವರಿಗೆ ತೋರಿಸಿಲ್ಲ. ತಪ್ಪು ನಿಮ್ಮದೇ, ನೋಡಿ. ಮೂವತ್ತೊಂದು ವರ್ಷದಲ್ಲಿ ಒಂದು ಪಂದ್ಯವನ್ನೂ ತಪ್ಪಿಸಿದವರಲ್ಲ ಅವರು. ಮಗನ ಮದುವೆ ದಿನವೂ ಅರ್ಧಕ್ಕೇ ಎದ್ದು ಹೋದವರು. ನನ್ನ ಮದುವೆಯೇ ಅದು, ಮರೆಯೋಕಾಗತ್ತಾ?

…

ಕಂಪ್ಯೂಟರಲ್ಲಾ? ನೋಡಿ, ನಿಧಾನಕ್ಕೆ ನೋಡಿ. ಬೆಳಗ್ಗೆ ನಾಲ್ಕಕ್ಕೆ ಬೇಕರಿ ಪಾಳಿಗೆ ಹೋಗಿ ಬಂದವಳು, ನಿಂತಲ್ಲೇ ನಿದ್ದೆ ಮಾಡ್ತಿರ್ತೀನಿ.

…

ಗೇಟಲ್ಲಿ ಕಾರ್ಡೇ ತೋರಿಸಿಲ್ಲವಾ? ಐದು ಸಲವೂ? ನಿಮ್ಮ ಯಂತ್ರ ಕೆಟ್ಟಿರಬೇಕು. ಕ್ಲಬ್ಬಿನ ಮಫ್ಲರ್ ಸುತ್ತಿಕೊಂಡು ಹೋಗ್ತಾರೆ ರೀ! ಬಂದು ಊಟಕ್ಕೆ ಕೂತರೆ ಇಡೀ ಪಂದ್ಯ ನಮ್ಮ ತಟ್ಟೆ ಮೇಲೇ ಆಡಿಸ್ತಾರೆ. ಹೋದ ವಾರ ಗೋಲ್‌ಕೀಪರ್ ಎಡಕ್ಕೆ ಹಾರಿದ ಅಂದ್ರು. ಟೀವೀಲಿ ನೋಡಿದ್ರೆ ಬಲಕ್ಕೆ ಹಾರಿದ್ದ. ತಾತಂಗೆ ಕನ್ನಡಕ ಬದಲಾಯಿಸಬೇಕು ಅಂತ ಮಕ್ಕಳು ನಕ್ಕಿದ್ದೇ ನಕ್ಕಿದ್ದು…

…

ಯಾರನ್ನ ಕೇಳ್ತೀರಾ? ನಾಲ್ಕನೇ ಗೇಟಿನ ಕಾವಲಿನವರನ್ನಾ? ಕೇಳಿ, ಕೇಳಿ. ಅವರಿಗೆ ಮಾವನ ಗುರುತಿರತ್ತೆ.

…

ಹಾಂ? ಗೇಟಿನ ಹೊರಗಡೆ ಬೆಂಚಿನ ಮೇಲೆ ಕೂತಿರ್ತಾರಾ?

…

ರೇಡಿಯೋ ಕಿವಿಗಿಟ್ಟುಕೊಂಡು. ಹಾಂ… ಹಾಂ. ಅದೇ ಮಫ್ಲರ್.

…

ಅವರ ಸೀಟಿಗೆ ಎಷ್ಟು ಮೆಟ್ಟಿಲು ಅಂದ್ರಿ? ಎಪ್ಪತ್ತೆರಡಾ? ಅಯ್ಯೋ, ಮನೇಲಿ ಮಹಡಿ ಹತ್ತೋದನ್ನೂ ಬಿಟ್ಟಿದ್ದಾರೆ. ಮೇಲೆ ಸೆಕೆ ಅಂತ ಹಾಸಿಗೆ ಕೆಳಗೆ ತರಿಸಿಕೊಂಡ್ರು. ನಾನೂ ಹೂಂ ಅಂದೆ. ಕಣ್ಣೆದುರಿಗೇ ಇತ್ತು, ನೋಡೋಕೆ ಪುರುಸೊತ್ತಿರಲಿಲ್ಲ.

…

ಇಲ್ಲಪ್ಪಾ, ಅಳ್ತಿಲ್ಲ. ನಿದ್ದೆಗೆಟ್ಟ ದನಿ ಇದು.

…

ಭಾನುವಾರದ ಪಂದ್ಯಕ್ಕೆ ಸೀಟು ಬಿಟ್ಟುಕೊಟ್ಟರೆ ಸಾಕಾ? ನೀವು ಬೇರೆಯವರಿಗೆ ಮಾರ್ತೀರಿ, ಖಾಲಿ ಅಂತ ಆಗಲ್ಲ. ಸರಿ. ಆದ್ರೆ ಬಿಟ್ಟುಕೊಡೋಕೆ ಬೇಕಾದ ಕೋಡ್ ಬರೋದು ಅವರ ಫೋನಿಗೆ ಅಲ್ವಾ? ನಾನು ಕೇಳಿದ್ರೆ ಅವರ ಗುಟ್ಟು ಒಡೆದ ಹಾಗೆ. ಅದೂ ಅಲ್ಲದೆ, ಸೀಟು ಉಳಿಸಿಕೊಂಡು ಅವರು ಬೆಂಚಿನ ಮೇಲೇ ಕೂತಿರಬೇಕಾ?

…

ಎರಡನೇ ಸಾಲಾ? ಮೈದಾನದ ಮೂಲೆ ಬಾವುಟದ ಹತ್ರ? ಯಾರದ್ದದು?

…

ಹಲ್ಲಿನ ಡಾಕ್ಟರೊಬ್ಬರದ್ದಾ, ಊರು ಬಿಟ್ಟು ಹೋದ್ರಾ. ಉಳಿದ ಪಂದ್ಯಕ್ಕೆಲ್ಲ ಬಿಟ್ಟುಕೊಟ್ಟಿದ್ದಾರಾ. ಮೆಟ್ಟಿಲೆಷ್ಟು?… ಎರಡೇ! ಕೊಡಿ, ಅದನ್ನೇ ಕೊಡಿ. ಮೇಲಿನದ್ದನ್ನ ನೀವು ಮಾರಿಕೊಳ್ಳಿ. ಮೂವತ್ತೊಂದು ವರ್ಷದ ಸದಸ್ಯತ್ವ ಹಾಗೇ ಇರತ್ತಾ?… ಅಷ್ಟು ಸಾಕು.

…

ಅವರೇ ಒಪ್ಪಬೇಕಾ? ಸೊಸೆ ಮಾತು ನಡೆಯಲ್ವಾ? ಹಾಗಾದ್ರೆ ನೀವೇ ಫೋನ್ ಮಾಡಿ. ಕಾಗದದ ಸುದ್ದಿ ಬೇಡ, ನನ್ನ ಸುದ್ದಿಯಂತೂ ಬೇಡವೇ ಬೇಡ.

…

ಸುಳ್ಳು ಹೇಳಿ ಅಂತಿಲ್ಲ ಮಾರಾಯರೇ! ಕೆಳಗೊಂದು ಸೀಟು ಖಾಲಿಯಾಗಿದೆ, ಬೇಕಾ ಅಂತ ಕೇಳಿ. ನಿಜ ತಾನೇ ಅದು? ಅಯ್ಯೋ ಪಾಪ ಅನ್ನೋ ವಾಸನೆ ಬಂದ್ರೂ ಬೇಡ ಅಂದುಬಿಡ್ತಾರೆ.

…

ಈಗಲೇನಾ? ಮೇಜಿನ ಇನ್ನೊಂದು ಫೋನಿಂದಾ? ಹಾಂ, ಲೈನಲ್ಲೇ ಇರ್ತೀನಿ.

…

ರಿಂಗಾಗ್ತಿದೆ. ಜಗಲಿಯಿಂದ ಪಕ್ಕದ ಕೋಣೆಗೆ ಬಂದ್ರು, ನಾನಿನ್ನು ಪಿಸುಗುಟ್ತೀನಿ… ಎತ್ತಿದ್ರು.

…

ಮೆಟ್ಟಿಲು ನಂಗೇನೂ ಕಷ್ಟ ಇಲ್ಲ ಅಂತಿದ್ದಾರೆ. ಬಿಡಬೇಡಿ, ಇನ್ನೊಂದು ಸಲ ಕೇಳಿ…

…

ಹೂಂ ಅಂದ್ರು. ಹೂಂ ಅಂದ್ರು ಅಲ್ವಾ? ಕೇಳಿಸ್ತು ನಂಗೆ.

…

ಏನೋ ದನಿ ತಗ್ಗಿಸಿದ್ರು. ಗೋಡೆ ತೆಳ್ಳಗಿದೆ… ಮೆಟ್ಟಿಲಿನ ವಿಷಯ ಸೊಸೆಗೆ ಮಾತ್ರ ಹೇಳಬೇಡಿ, ಮೊದಲೇ ದುಡಿದು ಸಾಕಾಗಿರ್ತಾಳೆ ಅಂತಿದ್ದಾರೆ.

…

ಹೇಳಲ್ಲ ಅನ್ನಿ. ಮಾತು ಕೊಡಿ ಅವರಿಗೆ. ಹಲೋ?… ಕೇಳಿಸ್ತಿದೆಯಾ? ಹಲೋ, ಹೇಳಲ್ಲ ಅಂತ—