ಏಳರ ಬಾಟಲಿ

‘ಅತ್ತಿಗೆ, ನಾನು ಗ್ಯಾಸ್ ಮುಟ್ಟಿಲ್ಲ, ಮುಟ್ಟಿಲ್ಲ’... ಬೆಳಗಿಂದ ಒಂದೇ ರಾಗ! ಯಾರೂ ಮುಟ್ಟದೆ ಹವಳ ತಾನಾಗೇ ಬಿಳಿಚಿಕೊಳ್ತಾ? ನೋಡು, ಈ ಟ್ಯಾಂಕೊಳಗೆ ನೋಡು... ಮೊನ್ನೆ ತನಕ ನೇರಳೆ ಬಣ್ಣ ಇತ್ತು. ಈಗ ಸುಣ್ಣ ಬಳಿದ ಹಾಗಿದೆ! ಹನ್ನೊಂದು ವರ್ಷ ನಿಮ್ಮಣ್ಣ ಸಾಕಿದ್ದು. ಈ ಅಕ್ವೇರಿಯಂ ಅಂಗಡೀಲಿ ಮಾರೋ ಒಂದೊಂದು ಹವಳದ ತುಂಡೂ ಈ ತಾಯಿ ಹವಳದಿಂದ ಮುರಿದದ್ದೇ. ಮಂಡಿ ಆಪರೇಷನ್ ಆದೋರು, ಈಗ ಆಸ್ಪತ್ರೆಯಿಂದ ಮನೆಗೂ ಹೋಗದೆ ನೆಟ್ಟಗೆ ಇಲ್ಲಿಗೇ ಬರ್ತಾರೆ. ಏನಂತ ಮುಖ ತೋರಿಸ್ತೀಯಾ?

ಯಾಕೆ ನಗ್ತೀಯಾ? ... ನಗ್ತಾ ಇಲ್ವಾ? ಮತ್ತೆ ಆ ಮೂತಿ ಏನು?

ಕ್ಯಾಲ್ಸಿಯಂ ರಿಯಾಕ್ಟರ್ ಅಂದ್ರೆ ಮಿಕ್ಸಿ ಅಂದ್ಕೊಂಡ್ಯಾ, ಗುಂಡಿ ಒತ್ತಿ ಮರೆಯೋಕೆ? ಸೋಡಾಕ್ಕೆ ಹಾಕೋ ಗ್ಯಾಸ್ ಬಿಟ್ರೆ ಒಳಗಿನ ನೀರು ಹುಳಿ ಆಗತ್ತೆ, ಸುಣ್ಣದ ಕಲ್ಲು ಕರಗತ್ತೆ, ಆ ಸುಣ್ಣ ತಿಂದು ಹವಳ ಬೆಳೆಯತ್ತೆ. ಪಿಹೆಚ್ ಇಳಿದಷ್ಟೂ ಹುಳಿ ಜಾಸ್ತಿ; ಆರೂವರೆಗೆ ಇಳಿದ್ರೆ ಗ್ಯಾಸ್ ನಿಲ್ಬೇಕು. ಅಷ್ಟೇ! ನಿಲ್ಲಿಸೋದು ಮೀಟರು. ಮೀಟರಿಗೆ ಪಾಠ ಹೇಳೋನು ನೀನು. ಭಾನುವಾರ ಅದರ ಕಡ್ಡೀನ, ಪಿಹೆಚ್ ಸರಿಯಾಗಿ ಏಳಿರೋ ದ್ರಾವಣ ಅಂತ ಇಟ್ಟಿರೋ ಏಳರ ಬಾಟಲಿಗೆ ಅದ್ದಿ ‘ಇದು ಏಳು’ ಅಂತ ಕಲಿಸಿದ್ದು ಯಾರು? ನೀನೇ ತಾನೆ? ಮೀಟರು ಆರೂವರೆ ಅಂತಿದೆ, ಒಳಗೆ ಕಲ್ಲು ಕೆಸರಾಗಿದೆ! ಆ ಹುಳಿನೀರೆಲ್ಲ ತೊಟ್ಟು ತೊಟ್ಟಾಗಿ ಟ್ಯಾಂಕಿಗೆ...

ಹೇಳು, ಕಡ್ಡಿ ತೊಳೀಲಿಲ್ವಾ? ... ಕೇಳಿದ್ರೆ ಕವರು ಬಿಚ್ಚೋಕೆ ಹೊರಟ!

ಏನದು ಕವರಲ್ಲಿ? ಹೊಸ ಬಾಟಲೀನಾ? ಏಳರದ್ದಾ? ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ್ರಂತೆ!

ಎರಡನ್ನೂ ಯಾಕೆ ಪಕ್ಕ ಪಕ್ಕ ಇಡ್ತೀಯಾ? ... ಹೊಸದು ಹಳದಿ ಇದ್ರೆ ಇರ್ಲಿ! ಹಳೇದಕ್ಕೆ ಬಣ್ಣ ಇಲ್ಲ ಅಂದ್ರೆ... ಹೋಗಿರತ್ತೆ. ಬಿಸಿಲಿಗೆ. ... ಕಪಾಟೊಳಗೆ ಬಿಸಿಲೆಲ್ಲಿ ಅಂತ ನೋಡ್ತೀಯಾ? ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡನಂತೆ! ... ನಾನಾ? ನಾನೆಲ್ಲಿ ಮುಟ್ಕೊಂಡೆ?

ಹಾಗೆ ನೋಡ್ಬೇಡ.

ಚೆಲ್ತು ಮಾರಾಯ. ಪೂರ್ತಿ ಚೆಲ್ತು. ಆಸ್ಪತ್ರೆಗೆ ಹೊರಡೋವಾಗ ನಿಮ್ಮಣ್ಣ ಏನಂದ್ರು ಗೊತ್ತಾ? ‘ನೀನು ಏನೂ ಮುಟ್ಬೇಡ, ಅವನು ನೋಡ್ಕೋತಾನೆ.’ ನನಗೆ! ಹನ್ನೊಂದು ವರ್ಷ ಬಕೆಟ್ಟು ಹೊತ್ತವಳಿಗೆ! ನಿನಗೆ ಅಂಗಡಿಗೆ ಬಂದು ಹದಿನೈದು ದಿನ ಆಗಿಲ್ಲ... ಹೊಟ್ಟೆ ಉರೀತು. ನಾನೇ ಕಲಿಸ್ತೀನಿ ಮೀಟರಿಗೆ ಅಂತ ಹೊರಟೆ, ಬಾಟಲಿ ಕೈಜಾರ್ತು. ಫಿಲ್ಟರ್ ನೀರು ತುಂಬಿಸಿ ಮುಚ್ಚಳ ಹಾಕಿಟ್ಟೆ. ನೀರು ತಾನೆ, ಏಳೇ ಇರತ್ತೆ ಅಂದ್ಕೊಂಡೆ! ಅದೂ ಹುಳಿ ಕಡೆಗೇ ವಾಲತ್ತೆ ಅಂತ ಯಾರಿಗೆ ಗೊತ್ತಿತ್ತು?

ಭಾನುವಾರ ನೀನು ಆ ಹುಳಿನೀರನ್ನೇ ಏಳು ಅಂತ ಮೀಟರಿಗೆ ಕಲಿಸೋವಾಗ ನಾನು ಇಲ್ಲೇ ಕೂತಿದ್ದೆ. ಮಾತು ಬಾಯಿ ತನಕ ಬಂತು... ಹೇಳಲಿಲ್ಲ.

ಬೆಳಗಿಂದಾನೇ ಗೊತ್ತಿತ್ತಾ ನಿಂಗೆ? ... ಗೊತ್ತಿದ್ದೂ ಬೈಸ್ಕೊಂಡ್ಯಾ? ಒಂದ್ಸಲ ಬೈದಾದ್ರೂ ಬಿಡೋ!

ಕಾರು ನಿಂತ ಸದ್ದು... ಬಂದ್ರು. ಏಯ್, ಆ ಹಳೇ ಬಾಟಲಿ ಯಾಕೆ ಜೇಬಿಗೆ ಹಾಕ್ಕೋತೀಯಾ? ನಿನ್ನ ಉಪಕಾರ ಯಾರಿಗೆ ಬೇಕು? ತೆಗಿ ಹೊರಗೆ. ಇಲ್ಲಿಡು, ಮೇಜಿನ ಮೇಲೆ... ಅವರಿಗೆ ಕಾಣೋ ಹಾಗೆ.