ಬ್ರೇಕ್ ಹಿಡಿಯದ ಗಾಡಿಗೆ ಪ್ರಶಸ್ತಿ ಕೊಡದ ಲೋಕನಾಥ್ ಸರ್

ಎಲ್ಲರಿಗೂ ನಮಸ್ಕಾರ. ನಮ್ಮ ಲೋಕನಾಥ್ ಸರ್ ಅವರ ಮನೆಯವರು ರಾಧಕ್ಕ, ಮಗಳು ಲಲಿತಾ — ಮೊದಲು ನಿಮಗೆ. ಬಳ್ಳಾರಿಯ ಪ್ರೆಸ್ಸಿನವರಿಗೆ, ಕಣೇಕಲ್ಲು, ಮಡಕಶಿರದಿಂದ ಗಾಡಿ ಮಾಡ್ಕೊಂಡು ಬಂದ ಓದುಗರಿಗೆ, ನಮ್ಮ ರಾಯದುರ್ಗದ ಡ್ರೈವರ್ ಅಣ್ಣಂದಿರಿಗೆ ನಮಸ್ಕಾರ. ಹಿಂದೆ ನಿಂತವರು ಮುಂದ ಬರ್ರಿ. ಕುರ್ಚಿ ಖಾಲಿ ಅದಾವ. ನೀವು ಹತ್ತಿರ ಕೂತ್ರೆ ನನಗ ಧೈರ್ಯ.

ನಾನು ಮಂಜುಳ. ಸರ್ ಅವರ ‘ಗಾಡಿ ಮಾತು’ ಪತ್ರಿಕೆಗೆ ಪುಟ ಜೋಡಿಸೋಕಂತ ಸೇರಿದವಳು. ಅವರ ಪಕ್ಕದ ಸೀಟಿನಲ್ಲಿ ಕೂತು ಕೂತು ಗಾಡಿ ಓಡಿಸೋದನ್ನೂ ಕಲಿತೆ, ಗಾಡಿ ಬಗ್ಗೆ ಬರೆಯೋದನ್ನೂ ಕಲಿತೆ.

ಪತ್ರಿಕೆ ಹೆಂಗ ಹುಟ್ಟಿತು ಅಂತ ಹೊಸಬರಿಗೆ ಹೇಳಬೇಕು. ಸರ್ ಅವರದು ಹೊಲಿಗೆ ಮನೆತನ. ಜೀನ್ಸ್ ಪ್ಯಾಂಟಿನ ಗಂಟು ಹೇರಿಕೊಂಡು ಬಳ್ಳಾರಿಗೆ ಹೋಗೋ ಬಾಡಿಗೆ ಕಾರಿನಲ್ಲಿ ಡ್ರೈವರ್ ಪಕ್ಕ ಕೂತು ಬೆಳೆದವರು. ಕಾರಿನ ಹುಚ್ಚು ಅಲ್ಲೇ ಹಿಡೀತು. ಕಾರಿನ ಪತ್ರಿಕೆ ಅಂದ್ರೆ ಆಗ ಇಂಗ್ಲಿಷಿನವೇ. ಅದರಲ್ಲಿ ಸಮುದ್ರದ ದಂಡೆ, ಕೆಂಪು ಕಾರು. “ಕಲ್ಯಾಣದುರ್ಗದ ರಸ್ತೆಗೆ ಯಾವ ಗಾಡಿ ತಡೀತೈತಿ ಅಂತ ನಮ್ಮವರಿಗೆ ಯಾರು ಬರೀತಾರ?” ಅಂತ ನಾಲ್ಕು ಪುಟದ ಹಾಳೆ ತಂದ್ರು. ಆಂಧ್ರದಾಗ ಕೂತು ಕನ್ನಡದಾಗ ಕಾರಿನ ಪತ್ರಿಕೆ! ಜನ ನಕ್ಕರು. ನೋಡ್ತಾ ನೋಡ್ತಾ ಅದು ಪಾವಗಡ, ಸಿರಾ ದಾಟಿ ಹೋಯ್ತು.

ಆಮೇಲೆ ಪ್ರಶಸ್ತಿ — ‘ವರ್ಷದ ಗಾಡಿ’. ಮಡಕಶಿರದ ಕಲ್ಯಾಣ ಮಂಟಪದಲ್ಲಿ ಕೊಡ್ತಿದ್ರು. ಮೊದಲ ವರ್ಷ ತಗೊಳ್ಳೋಕೆ ಕಂಪನಿಯವರು ಯಾರೂ ಬರಲಿಲ್ಲ. ಆ ಕಾರು ಓಡಿಸ್ತಿದ್ದ ರೊಳ್ಳದ ಬೋರಣ್ಣಗೇ ಹಾರ ಹಾಕಿ ಕಳಿಸಿದ್ರು. ಅಲ್ಲಿ ಕೂತಾರ ನೋಡ್ರಿ, ಬೋರಣ್ಣ. ಬರಬರ್ತಾ ಷೋರೂಮಿನವರು ಕೋಟು ಹಾಕ್ಕೊಂಡು ಬರೋಕೆ ಶುರು ಮಾಡಿದ್ರು. ನಮ್ಮ ಫಲಕ ಬಾಗಿಲಲ್ಲಿ ಇಟ್ರೆ ಗಾಡಿ ಮಾರಾಟ ಆಗ್ತಿತ್ತು. ಪ್ರಶಸ್ತಿಗೆ ಬೆಲೆ ಬಂತು. ಅಂಜಿಕೆನೂ ಆಗಲೇ ಬಂತು.

ಮೂರು ವರ್ಷದ ಹಿಂದಿನ ಮಾತು. ಒಂದು ಹೊಸ ಕಾರಿಗೆ ಪ್ರಶಸ್ತಿ ಅಂತ ಹೆಚ್ಚುಕಡಿಮೆ ತೀರ್ಮಾನ ಆಗಿತ್ತು. ಕೊನೇ ಸಲ ಓಡಿಸಿ ನೋಡೋಣ ಅಂತ ಸರ್, ನಾನು ಹೇಮಾವತಿ ಊರಿನ ತನಕ ಹೋಗಿ ವಾಪಸ್ ಬರ್ತಿದ್ವಿ. ರೊಳ್ಳ ದಾಟಿ ಒಂದು ಇಳಿಜಾರು. ಸರ್ ಮಾತಾಡ್ತಾ ಮಾತಾಡ್ತಾ ಪೆಡಲ್ ಕಡೆ ನೋಡಿದ್ರು. ಅವರ ಕಾಲು ನೋಡಿದೆ — ಹಿಂಗ — ಒತ್ತುತ್ತಾರ, ಬಿಡ್ತಾರ, ಒತ್ತುತ್ತಾರ.

“ಮಂಜುಳ, ಬ್ರೇಕ್ ಹಿಡೀವಲ್ದು.”

ಅಷ್ಟೇ ಅಂದ್ರು. ಕೂಗಲಿಲ್ಲ. ಕೆಳಗ ರಸ್ತೆ ತುಂಬ ಕುರಿ. ಕುರಿ ನಡುವೆ ಒಬ್ಬ ಹೆಂಗಸು, ನಮಗೆ ಬೆನ್ನು ಹಾಕಿ ನಡೀತಾಳ. ನಾನು ಪಕ್ಕದಿಂದ ಕೈ ಚಾಚಿ ಹಾರ್ನ್ ಒತ್ತಿದವಳು ತೆಗೀಲೇ ಇಲ್ಲ. ಸರ್ ಗೇರು ಇಳಿಸಿದ್ರು, ಇನ್ನೊಂದು ಇಳಿಸಿದ್ರು, ಹ್ಯಾಂಡ್ ಬ್ರೇಕ್ ಎಳೆದ್ರು. ಗಾಡಿ ಅರಚಿಕೊಳ್ತು, ನಿಲ್ಲಲಿಲ್ಲ. ಕೊನೆಗೆ ಬೇಲಿ ಮುರಿದು ಕಡಲೇಕಾಯಿ ಹೊಲಕ್ಕೆ ನುಗ್ಗಿಸಿದ್ರು. ಉತ್ತಿದ್ದ ಮಣ್ಣಿನಲ್ಲಿ ಗಾಲಿ ಹೂತು ನಿಂತಿತು.

ಆ ಹೆಂಗಸು ಪಾಲಮ್ಮ ಅಂತ. ಕೋಲು ಹಿಡ್ಕೊಂಡು ಬಯ್ಕೊಂತ ಓಡಿಬಂದಳು. ಕಿಟಕಿಯಲ್ಲಿ ನಮ್ಮ ಮುಖ ನೋಡಿ ಕೋಲು ಕೆಳಗೆ ಹಾಕಿದಳು. “ಇಳೀರಪ್ಪ, ಇಳೀರವ್ವ, ನೀರು ಕುಡೀರಿ. ಕುರಿ ಎಲ್ಲಾ ಅವೆ, ನಾನೂ ಅವ್ನಿ” ಅಂದಳು. ಸರ್ ಸ್ಟೇರಿಂಗ್ ಬಿಡಲಿಲ್ಲ. ನಾನೇ ಅವರ ಬೆರಳು ಒಂದೊಂದೇ ಬಿಡಿಸಿದೆ.

ಪ್ರಶಸ್ತಿ ಸಭೆಗೆ ವಾರ ಉಳಿದಿತ್ತು. ಆ ಕಾರಿಗೆ ಪ್ರಶಸ್ತಿ ಇಲ್ಲ, ಬ್ರೇಕಿನ ವಿಷಯ ವೇದಿಕೆ ಮೇಲೆ ಹೇಳ್ತೀನಿ ಅಂತ ಸರ್ ಷೋರೂಮಿಗೆ ತಿಳಿಸಿದ್ರು. ಮರುದಿನ ಆಫೀಸಿಗೆ ಫೋನು. ಎತ್ತಿದವಳು ನಾನು. ಯಾರು ಅಂತ ಹೇಳಲಿಲ್ಲ. ಮರ್ಯಾದೆಯಿಂದಲೇ ಮಾತಾಡಿದ.

“ನಿಮ್ಮ ಸಾರಿಗೆ ಹೇಳಮ್ಮ. ಅವರ ಮಗಳು ಕಾಲೇಜಿಂದ ಯಾವ ಬಸ್ಸಿಗೆ ಬರ್ತಾಳ ಅಂತ ನಮಗ ಗೊತ್ತೈತಿ.”

ಸರ್ ಅದನ್ನ ಮನೆಯಲ್ಲಿ ಮುಚ್ಚಿಡಲಿಲ್ಲ. ರಾಧಕ್ಕ, ಈ ಮಾತು ಹೇಳಲಾ? ... ಹೇಳು ಅಂತಾರ. ರಾಧಕ್ಕ ಸರ್ ಕೈ ಹಿಡಿದು ಅತ್ತರು. “ನಮಗೊಂದೇ ಮಗಳು ರೀ. ಸುಮ್ಮನಿದ್ದುಬಿಡ್ರಿ. ಊರಾಗ ಎಲ್ಲಾರೂ ಸುಮ್ಮನಿರಲ್ವೇನು?” ಸರ್ ಅಂದ್ರು, “ಸುಮ್ಮನಿದ್ರೂ ನಿದ್ದಿ ಬರಂಗಿಲ್ಲ, ರಾಧಾ. ಆ ಪಾಲಮ್ಮನ ಬೆನ್ನು ಕಣ್ಣಮುಂದ ಬರ್ತೈತಿ.”

ಆ ಸಂಜೆ ಮಂಟಪ ತುಂಬಿತ್ತು. ಮುಂದಿನ ಸಾಲಿನಲ್ಲಿ ನಾವ್ಯಾರೂ ಕರೆಯದ ನಾಲ್ಕು ಜನ. ಸರ್ ಮೈಕ್ ಮುಂದೆ ನಿಂತರು. ನೀರು ಕುಡಿದ್ರು. ಆಮೇಲೆ ಹೇಳಿದ್ರು: “ಈ ವರ್ಷ ಪ್ರಶಸ್ತಿ ಯಾವ ಗಾಡಿಗೂ ಇಲ್ಲ. ಈ ಕಾರು ಇಳಿಜಾರಿನಲ್ಲಿ ನಿಲ್ಲಲಿಲ್ಲ. ಒಳಗೆ ನಾನೇ ಇದ್ದೆ.” ಯಾರೂ ಚಪ್ಪಾಳೆ ತಟ್ಟಲಿಲ್ಲ. ಆ ನಾಲ್ಕು ಜನ ಎದ್ದು, ನಿಧಾನಕ್ಕೆ, ನಮ್ಮನ್ನೇ ನೋಡ್ಕೊಂತ ಹೊರಗೆ ಹೋದ್ರು.

ಮುಂದೇನಾಯ್ತು? ಕೆಲವು ತಿಂಗಳಿಗೆ ಕಂಪನಿಯ ಇಂಜಿನಿಯರುಗಳು ಬಂದು ಆ ಕಾರುಗಳ ಬ್ರೇಕ್ ಪೈಪು ಬದಲಾಯಿಸಿ ಹೋದ್ರು. ಆ ಕಾರು ಕೊಂಡಿದ್ದವರು ಇಲ್ಲೇ ಹಲವರು ಇದ್ದೀರಿ. ನಿಮ್ಮ ಮಕ್ಕಳೂ ಇದ್ದಾರೆ. ಅಷ್ಟು ಸಾಕು.

ಆದರೆ ಸರ್ ಅವರ ಅಂಜಿಕೆ ಹೋಗಲಿಲ್ಲ. ಲಲಿತಾಳನ್ನ ಕಾಲೇಜು ಮುಗಿಯೋ ತನಕ ತಾವೇ ಕರ್ಕೊಂಡು ಹೋಗಿ ಕರ್ಕೊಂಡು ಬಂದ್ರು. ಬೆಳಿಗ್ಗೆ ಎದ್ದು ಬಗ್ಗಿ ಕಾರಿನ ಕೆಳಗೆ ನೋಡೋರು. ಹಿಂದೆ ಬೈಕ್ ಬಂದ್ರೆ ಪಕ್ಕಕ್ಕೆ ನಿಲ್ಲಿಸಿ ಮುಂದೆ ಹೋಗಾಕ ಬಿಡೋರು. ಹೋದ ಗುರುವಾರ ಊಟಕ್ಕೆ ಕೂತವರು ಏಳಲಿಲ್ಲ. ಹೃದಯ ನಿಂತಿತು ಅಂದ್ರು ಡಾಕ್ಟರು. ಯಾರ ಮೇಲೂ ನಾನು ಹೊರಿಸಲ್ಲ. ಮೂರು ವರ್ಷ ಆ ಹೃದಯ ಹೆಂಗ ಬಡ್ಕೊಂತು ಅನ್ನೋದನ್ನ ಮಾತ್ರ ನೋಡೀನಿ.

ಇನ್ನೊಂದು ಮಾತು. ಈ ವರ್ಷದ ಪ್ರಶಸ್ತಿಗೆ ಬಂದ ಒಂದು ಕಾರನ್ನ ಹೋದ ತಿಂಗಳು ಸರ್, ನಾನು ಓಡಿಸಿದ್ವಿ. ಜೋರಾಗಿ ನಿಲ್ಲಿಸಿದ್ರೆ ಹಿಂದಿನ ಸೀಟಿನ ಬೆಲ್ಟು ಬಿಚ್ಚಿಕೊಳ್ತೈತಿ. ಅದನ್ನ ಬರೀಬೇಕು ಅಂತ ಇಬ್ಬರೂ ಮಾತಾಡ್ಕೊಂಡಿದ್ವಿ. ನಿನ್ನೆ ನಮ್ಮವ್ವನ ಹೊಲಿಗೆ ಅಂಗಡಿಗೆ ಒಬ್ಬ ಬಂದ. ಬಟ್ಟೆ ತಂದಿರಲಿಲ್ಲ. ಸುಮ್ಮನೆ ಕೂತ. ಹೋಗೋವಾಗ ಅಂದನಂತ, “ನಿಮ್ಮ ಮಗಳು ನಾಳೆ ಸಭೆಯಾಗ ಮಾತಾಡ್ತಾಳಂತಲ್ಲ. ಜ್ವಾಕಿ, ನೋಡ್ಕೊಂಡು ಮಾತಾಡು ಅಂತ ಹೇಳ್ರಿ.” ನಮ್ಮವ್ವ ತಿಪ್ಪಕ್ಕ ಇಲ್ಲೇ ಕೂತಾಳ. ಬೆಳಿಗ್ಗೆಯಿಂದ ನನ್ನ ಸೆರಗು ಬಿಟ್ಟಿಲ್ಲ.

ನನಗ ಅಂಜಿಕೆ ಐತ್ರಿ. ಸುಳ್ಳು ಹೇಳಲ್ಲ. ಒಬ್ಬಳೇ ಇದ್ದಾಗ ಹೇಳೋ ಧೈರ್ಯ ನನಗಿಲ್ಲ, ಅದಕ್ಕೇ ನಿಮ್ಮೆಲ್ಲರ ಎದುರು ಹೇಳ್ತೀನಿ — ಮುಂದಿನ ಸಂಚಿಕೆಯಲ್ಲಿ ಆ ಬೆಲ್ಟಿನ ವಿಷಯ ಬರುತ್ತೆ. ಕೆಳಗೆ ನನ್ನ ಹೆಸರು ಇರುತ್ತೆ.

ಈಗ ಎಲ್ಲರೂ ದಯವಿಟ್ಟು ಎದ್ದು ನಿಲ್ರಿ. ಸರ್ ಅವರಿಗಾಗಿ ಎರಡು ನಿಮಿಷ ಮಾತು ಬ್ಯಾಡ. ಈ ಎರಡು ನಿಮಿಷ ಮಾತ್ರ ಸುಮ್ಮನಿರೋಣ. ಆಮೇಲೆ ಯಾರೂ ಸುಮ್ಮನಿರಬ್ಯಾಡ್ರಿ.

ಏಳ್ರಿ.